ಉಂಗುರಕ್ಕೆ ಐವತ್ತು ತುಂಬಿದ ದಿನ

ಕಾಪಿತೋಲಿನಾ ಯೆಗೋರೊವ್ನಾ ಹುಟ್ಟಿದ್ದು ಅಲ್ತಾಯ್ ಬೆಟ್ಟಗಳ ಬುಡದ ಒಂದು ಹಳ್ಳಿಯಲ್ಲಿ, ಜೇನು ಸಾಕುವವರ ಮನೆಯಲ್ಲಿ. ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಅಪ್ಪ ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು ಆಡಿದನೆಂದರೆ ಆ ದಿನ ಅವನಿಗೆ ಏನೋ ಖುಷಿಯಾಗಿದೆ ಎಂದು ಮಕ್ಕಳು ತಿಳಿಯುತ್ತಿದ್ದರು. ಶಾಲೆ ಮುಗಿಸಿದ ಮೇಲೆ ಅವಳು ರೈಲು ಹತ್ತಿ, ಓಬ್ ನದಿಯ ದಂಡೆಯ ವಿಜ್ಞಾನಿಗಳ ಪಟ್ಟಣಕ್ಕೆ ಬಂದಳು. ಅಲ್ಲಿನ ಭೌತವಿಜ್ಞಾನದ ಇನ್‌ಸ್ಟಿಟ್ಯೂಟಿನ ಕಾರ್ಖಾನೆಯಲ್ಲಿ, ದೊಡ್ಡ ದೊಡ್ಡ ಅಯಸ್ಕಾಂತಗಳಿಗೆ ತಾಮ್ರದ ಸುರುಳಿ ಸುತ್ತುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ತಾಮ್ರದ ಮೇಲೆ ಗಾಜಿನ ನಾರಿನ ಪಟ್ಟಿ ಸುತ್ತಬೇಕು, ಒಂದು ಸುಕ್ಕೂ ಬೀಳಬಾರದು. ಬಾಯಿಗೆ ಕೆಲಸವಿಲ್ಲದ ಕೆಲಸ. ಅವಳಿಗೆ ಹೇಳಿ ಮಾಡಿಸಿದಂತಿತ್ತು.

ಆ ಸುರುಳಿಗಳೆಲ್ಲ ಹೋಗುತ್ತಿದ್ದದ್ದು ನೆಲದಡಿಯ ಸುರಂಗದಲ್ಲಿ ಕಟ್ಟುತ್ತಿದ್ದ ಯಂತ್ರಕ್ಕೆ. ಗಾಳಿಯನ್ನೆಲ್ಲ ಹೀರಿ ತೆಗೆದ ಒಂದು ದುಂಡನೆಯ ಕೊಳವೆ. ಅದರೊಳಗೆ ಎಲೆಕ್ಟ್ರಾನುಗಳು ಒಂದು ಕಡೆಯಿಂದ, ಅವುಗಳ ವಿರೋಧಿ ಕಣಗಳು ಇನ್ನೊಂದು ಕಡೆಯಿಂದ ಓಡಿ ಬಂದು ಡಿಕ್ಕಿ ಹೊಡೆಯಬೇಕು. ಪಟ್ಟಣದವರು ಅದನ್ನು ಉಂಗುರ ಎಂದಷ್ಟೇ ಕರೆಯುತ್ತಿದ್ದರು. ಅಂಗಡಿಯಲ್ಲಿ ಮೀನಿಗೆ ಸಾಲು ನಿಂತ ಹೆಂಗಸರೂ "ನಮ್ಮವರು ಉಂಗುರದಲ್ಲಿದ್ದಾರೆ" ಎನ್ನುತ್ತಿದ್ದರು.

ಒಂದು ದಿನ ಸುರುಳಿ ಒಯ್ಯಲು ಉಂಗುರದಿಂದ ಒಬ್ಬ ಹುಡುಗ ಬಂದ. ಹೆಸರು ರೊದಿಯೋನ್ ಸುಖಾನೊವ್. ಉದ್ದ ಕಾಲು, ಕೆದರಿದ ಕೂದಲು, ಬಾಗಿಲು ದಾಟುವ ಮೊದಲೇ ಮಾತು ಶುರು. ಬಂದ ಕೆಲಸ ಮರೆತು ಅವಳ ಮೇಜಿನ ಮುಂದೆ ನಿಂತು, ಹವಾಮಾನ, ಹಾಕಿ ಆಟ, ತನ್ನ ಅಜ್ಜಿಯ ಮೇಕೆ, ಎಲ್ಲದರ ಬಗ್ಗೆಯೂ ಮಾತಾಡಿದ. ಅವಳು ಪಟ್ಟಿ ಸುತ್ತುತ್ತಲೇ ಇದ್ದಳು.

"ಏನ್ರೀ, ನಿಮಗೆ ಮಾತು ಬರಲ್ವಾ?" ಎಂದು ಕೊನೆಗೆ ಕೇಳಿದ.

"ಬರುತ್ತೆ."

"ಅಬ್ಬಾ! ನಾನು ಹೆದರಿಬಿಟ್ಟಿದ್ದೆ," ಎಂದ. ಮರುದಿನವೂ ಬಂದ. ಒಯ್ಯಲು ಸುರುಳಿಯೇ ಇಲ್ಲದ ದಿನವೂ ಬಂದ.

ಮದುವೆಯಾಯಿತು. ಮಕ್ಕಳಾಗಲಿಲ್ಲ. ಇಬ್ಬರೂ ಮೊದಮೊದಲು ಆಸ್ಪತ್ರೆ ಸುತ್ತಿದರು, ಆಮೇಲೆ ಬಿಟ್ಟರು. ರೊದಿಯೋನ್ ಪಾಳಿಯ ಮುಖ್ಯಸ್ಥನಾದ. ನಿಯಂತ್ರಣ ಕೋಣೆಯಲ್ಲಿ ಕೂತು ಆ ಕಣಗಳ ಹರಿವನ್ನು, ಅವರ ಮಾತಿನಲ್ಲಿ ಕಿರಣವನ್ನು, ಉಂಗುರಕ್ಕೆ ಹತ್ತಿಸುವುದು, ಅದು ಬೀಳದಂತೆ ನೋಡಿಕೊಳ್ಳುವುದು ಅವನ ಕೆಲಸ. ಪಾಳಿ ಮುಗಿಸಿ ಮನೆಗೆ ಬಂದವನು ಬೂಟು ಬಿಚ್ಚುತ್ತಲೇ ಆ ದಿನ ಕಿರಣ ಏನೇನು ಆಟ ಕಟ್ಟಿತು ಎಂದು ಹೇಳುತ್ತಿದ್ದ. ಅವನ ಬಾಯಲ್ಲಿ ಕಾಪಾ ಆಗಿದ್ದ ಅವಳು ಆಲೂಗಡ್ಡೆ ಸುಲಿಯುತ್ತ ಕೇಳುತ್ತಿದ್ದಳು. ಅರ್ಧಕ್ಕರ್ಧ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಆ ಸದ್ದು ಇಲ್ಲದೆ ಅಡುಗೆಮನೆಯಲ್ಲಿ ಕೈ ಓಡುತ್ತಿರಲಿಲ್ಲ.

ಅವನ ಗೆಳೆಯ ವೆನಿಯಮಿನ್ ಕುಜ್ಮಿಚ್, ಎಲ್ಲರ ಬಾಯಲ್ಲಿ ವೇನ್ಯಾ, ಕೊಳವೆಯ ನಿರ್ವಾತ ನೋಡಿಕೊಳ್ಳುವ ಎಂಜಿನಿಯರು. ಕಿರಣ ಬಿದ್ದಾಗಲೆಲ್ಲ ತಪ್ಪು ಯಾರ ಕಡೆಯದು ಎಂದು ಇಬ್ಬರೂ ಜಗಳವಾಡುತ್ತಿದ್ದರು, ಆಮೇಲೆ ಒಟ್ಟಿಗೆ ಮೀನು ಹಿಡಿಯಲು ಹೋಗುತ್ತಿದ್ದರು. ಉಂಗುರದ ಹುಟ್ಟುಹಬ್ಬ ಬಂತೆಂದರೆ ಲೋಟ ಎತ್ತಿ ಮೊದಲ ಹಾರೈಕೆ ಹೇಳುವುದು ರೊದಿಯೋನನದೇ ಹಕ್ಕು. ಹತ್ತು ವರ್ಷವಾದಾಗ ಹೇಳಿದ, ಇಪ್ಪತ್ತೈದಾದಾಗಲೂ ಹೇಳಿದ. ದೇಶವೇ ಒಡೆದು, ಸಂಬಳವೇ ಬಾರದೆ ಜನ ಬಾಲ್ಕನಿಯಲ್ಲಿ ಕೋಳಿ ಸಾಕುತ್ತಿದ್ದ ಆ ಕೆಟ್ಟ ವರ್ಷಗಳಲ್ಲೂ, ವಿದ್ಯುತ್ತಿಲ್ಲದೆ ತಣ್ಣಗೆ ಮಲಗಿದ್ದ ಉಂಗುರದ ಪಕ್ಕ ನಿಂತು ಚಹಾದ ಲೋಟ ಎತ್ತಿ ಹೇಳಿದ. ಅವನು ಮಾತು ಮುಗಿಸುವ ತನಕ ಯಾರೂ ಗುಟುಕರಿಸುತ್ತಿರಲಿಲ್ಲ.

ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ, ಊರಾಚೆಯ ತೋಟದಲ್ಲಿ ರಾಸ್ಪ್‌ಬೆರಿ ಗಿಡಗಳಿಗೆ ಕೋಲು ಕಟ್ಟುತ್ತಿದ್ದವನು ಹಾಗೇ ಕುಸಿದ. ಲಕ್ವ. ಬಲಗೈ ಸತ್ತಂತಾಯಿತು, ಬಲಗಾಲು ಎಳೆಯಿತು. ಮಾತಿನ ರಾಶಿಯಲ್ಲಿ ಉಳಿದದ್ದು ಒಂದೇ ಒಂದು. "ಅದೇ."

ಚಹಾ ಬೇಕಾದರೆ ಅದೇ. ಕಿಟಕಿ ತೆಗೆ ಎನ್ನಲು ಅದೇ. ಸಿಟ್ಟು ಬಂದರೆ ಅದೇ ಅದೇ ಅದೇ. ಡಾಕ್ಟರು ಅವನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ನಾವು ಹೇಳೋದು ಅರ್ಥ ಆಗ್ತಿರಬಹುದು. ಎಷ್ಟು ಅಂತ ಹೇಳಕ್ಕಾಗಲ್ಲ," ಎಂದರು. ಅದನ್ನು ಅವನ ಎದುರಿಗೇ ಅಂದರು. ಅವನು ಡಾಕ್ಟರ ಮುಖವನ್ನೇ ನೋಡುತ್ತ ಕೂತಿದ್ದ.

ಎದುರು ಮನೆಯ ಫಾಯಿನಾ ಲ್ವೋವ್ನಾ, ನಿವೃತ್ತ ಭೂಗೋಳದ ಟೀಚರು, ಚಿತ್ರದ ಚೀಟಿಗಳ ಒಂದು ಕಟ್ಟು ತಂದುಕೊಟ್ಟಳು. ಲೋಟ, ಹಾಸಿಗೆ, ಸೂರ್ಯ, ನಾಯಿ. ಬೇಕಾದ್ದರ ಮೇಲೆ ಬೆರಳಿಟ್ಟರೆ ಸಾಕು. ರೊದಿಯೋನ್ ನಾಯಿಯನ್ನೂ ಸೂರ್ಯನನ್ನೂ ಒಂದು ಗಳಿಗೆ ನೋಡಿದ, ಎಡಗೈಯಿಂದ ಇಡೀ ಕಟ್ಟನ್ನು ನೆಲಕ್ಕೆ ತಳ್ಳಿದ.

"ಸೊಕ್ಕು ಮಾತ್ರ ಎಲ್ಲೂ ಹೋಗಿಲ್ಲ ನೋಡು," ಎಂದಳು ಫಾಯಿನಾ.

ಕಾಪಾ ಚೀಟಿಗಳನ್ನು ಆರಿಸಿಕೊಂಡಳು. ಈಗ ಪೋಸ್ಟಿನವಳ ಹತ್ತಿರ, ಔಷಧದ ಅಂಗಡಿಯಲ್ಲಿ, ಆಸ್ಪತ್ರೆಯ ಕಿಟಕಿಯ ಮುಂದೆ ಅವಳೇ ಮಾತಾಡಬೇಕು. ಪ್ರತಿ ಸಲವೂ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದಳು. ಯಾರಾದರೂ ನಡುವೆ ಬಾಯಿ ಹಾಕಿದರೆ ಮುಗಿಯಿತು, ಎಲ್ಲ ಮರೆತು ನಿಲ್ಲುತ್ತಿದ್ದಳು.

ಉಂಗುರಕ್ಕೆ ಐವತ್ತು ತುಂಬುವ ವಸಂತ ಬಂತು. ಹಿಮ ಕರಗಿ ಬೀದಿಯೆಲ್ಲ ರಾಡಿಯಾಗಿತ್ತು. ಪ್ರಯೋಗಾಲಯದ ಈಗಿನ ಮುಖ್ಯಸ್ಥ ಗ್ಲೆಬ್ ಕೇಕು ಹಿಡಿದು ತಾನೇ ಮನೆಗೆ ಬಂದ. ಒಂದು ಕಾಲದಲ್ಲಿ ರೊದಿಯೋನನ ಕೈಕೆಳಗೆ ಕೆಲಸ ಕಲಿತವನು. ಕುರ್ಚಿಯ ಹತ್ತಿರ ಬಗ್ಗಿ, ಗೌರವಕ್ಕೆ ಅಪ್ಪನ ಹೆಸರೂ ಸೇರಿಸಿ ಕೂಗಿದ. "ರೊದಿಯೋನ್ ಸವೇಲ್ಯೆವಿಚ್! ಹಬ್ಬಕ್ಕೆ! ನೀವು! ಬರಲೇಬೇಕು!"

"ಕಿವಿ ಚೆನ್ನಾಗೇ ಕೇಳಿಸುತ್ತೆ ಗ್ಲೆಬ್," ಎಂದಳು ಕಾಪಾ.

ಗ್ಲೆಬನ ಮುಖ ಕೆಂಪಾಯಿತು. ಮೆಲ್ಲಗೆ ವಿವರಿಸಿದ. ಸಭಾಂಗಣದಲ್ಲಿ ಕಾರ್ಯಕ್ರಮ, ಹಳಬರಿಗೆ ಪದಕ, ಆಮೇಲೆ ನಿಯಂತ್ರಣ ಕೋಣೆಯಲ್ಲಿ ಅತಿಥಿಗಳ ಮುಂದೆ ಕಿರಣ ಹತ್ತಿಸುವುದು, ಕೊನೆಗೆ ಊಟ. "ಅವರು ಸುಮ್ನೆ ಕೂತಿದ್ರೆ ಸಾಕು ಕಾಪಿತೋಲಿನಾ ಯೆಗೋರೊವ್ನಾ. ಬೇರೇನೂ ಮಾಡ್ಬೇಕಾಗಿಲ್ಲ."

ರೊದಿಯೋನ್ ಎಡಗೈಯಿಂದ ಅವನ ತೋಳು ಹಿಡಿದ. "ಅದೇ!" ಎಂದ. ಬಿಡಲೇ ಇಲ್ಲ.

ಗ್ಲೆಬ್ ಹೋದ ಮೇಲೆ ಫಾಯಿನಾ ಕೇಕಿನ ಒಂದು ತುಂಡು ಕತ್ತರಿಸಿಕೊಂಡು ಕೂತಳು. "ಕರ್ಕೊಂಡು ಹೋಗ್ಬೇಡ ಕಾಪಾ, ನನ್ನ ಮಾತು ಕೇಳು. ಗೊಂಬೆ ಥರ ಕೂರಿಸಿ ಚಪ್ಪಾಳೆ ಹೊಡೀತಾರೆ. ಆಮೇಲೆ ಅವರ ಪಾಡಿಗೆ ಅವರು ವೋಡ್ಕಾ ಕುಡೀತಾರೆ."

"ಅವನಿಗೆ ಹೋಗ್ಬೇಕು."

"ಹೋಗ್ಬೇಕು ಅಂತ ನಿಂಗೆ ಹೇಳಿದ್ನಾ?"

"ಬೂಟು ಹಾಕ್ಕೊಂಡು ಕೂತಿದಾನೆ."

ನೋಡಿದರೆ ನಿಜ. ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ರೊದಿಯೋನ್ ಹೇಗೋ ಒಂದೇ ಕೈಯಲ್ಲಿ ಬೂಟು ಸಿಕ್ಕಿಸಿಕೊಂಡು, ಲೇಸು ಕಟ್ಟದೆ, ನೆಟ್ಟಗೆ ಕೂತಿದ್ದ. ಫಾಯಿನಾ ಕೇಕನ್ನು ತಟ್ಟೆಯಲ್ಲಿಟ್ಟು ಕಣ್ಣೊರೆಸಿಕೊಂಡಳು.

ಮಾರನೆಯ ಬೆಳಿಗ್ಗೆ ಕಾಪಾ ಅಡುಗೆಮನೆಯಲ್ಲಿ ಬಕ್‌ವೀಟ್ ಧಾನ್ಯದ ಗಂಜಿ ಕಲಕುತ್ತಿದ್ದಳು. ಕೋಣೆಯಿಂದ ಅವನ ದನಿ ಕೇಳಿಸಿತು. "ಅದೇ… ಅದೇ, ಅದೇ… ಅದೇ!" ಕರೆಯುತ್ತಿದ್ದಾನೆಂದು ಹೋದಳು. ಬಾಗಿಲ ಬಳಿ ನಿಂತುಬಿಟ್ಟಳು. ಅವನು ಕಪಾಟಿನ ಕನ್ನಡಿಯ ಮುಂದೆ ಕೋಲೂರಿ ನಿಂತಿದ್ದ. ಮೆಲ್ಲಗೆ ಶುರುಮಾಡಿ, ನಡುವೆ ನಗೆಗೆಂದು ಒಂದು ಬಿಡುವು ಕೊಟ್ಟು, ಮತ್ತೆ ದನಿ ಏರಿಸಿ, ಕೊನೆಗೆ ಗಲ್ಲ ಮೇಲೆತ್ತಿ ನಿಲ್ಲಿಸುತ್ತಿದ್ದ. ಆ ಏರಿಳಿತ ಅವಳಿಗೆ ಚೆನ್ನಾಗಿ ಗೊತ್ತು. ಲೋಟ ಎತ್ತಿದಾಗ ಅವನ ದನಿ ಏರಿಳಿಯುತ್ತಿದ್ದದ್ದು ಹೀಗೆಯೇ. ಅವನು ಭಾಷಣಕ್ಕೆ ತಯಾರಿ ನಡೆಸಿದ್ದ.

ಒಳಗೆ ಹೋಗಿ ಏನು ಹೇಳುವುದು? ನಿನಗೆ ಮಾತು ಬರುವುದಿಲ್ಲ ಎಂದೇ? ಅವನಿಗೆ ಗೊತ್ತಿಲ್ಲದೆ ಇದೆಯೇ? ಅಥವಾ ನಿಜವಾಗಿಯೂ ಗೊತ್ತಿಲ್ಲವೋ? ಒಳಗಿನಿಂದ ಅವನಿಗೆ ಪೂರಾ ಮಾತುಗಳೇ ಕೇಳಿಸುತ್ತಿರಬಹುದೋ? ಗಂಜಿ ಸೀದ ವಾಸನೆ ಬಂದಾಗ ಅವಳು ಒಲೆಯ ಕಡೆ ಓಡಿದಳು.

ಗ್ಲೆಬನಿಗೆ ಫೋನು ಮಾಡಿದಳು. ಹೇಳಬೇಕಾದ್ದನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದಳು. "ಅವನ ಕೈಗೆ ಮೈಕು ಕೊಡಬೇಡಿ."

"ಛೆ ಛೆ, ಖಂಡಿತ ಕೊಡಲ್ಲ. ನೀವು ನಿಶ್ಚಿಂತೆಯಾಗಿರಿ," ಎಂದ ಗ್ಲೆಬ್.

ಹಬ್ಬದ ಬೆಳಿಗ್ಗೆ ಅವಳು ಗಂಡನಿಗೆ ಕ್ಷೌರ ಮಾಡಿದಳು, ಟೈ ಕಟ್ಟಿದಳು. ಇನ್‌ಸ್ಟಿಟ್ಯೂಟಿನ ಕಾರು ಬಂತು. ಸಭಾಂಗಣ ತುಂಬಿತ್ತು. ಮಾಸ್ಕೋದಿಂದ ಅಧಿಕಾರಿಗಳು, ಇಟಲಿಯಿಂದ, ಜಪಾನಿನಿಂದ ವಿಜ್ಞಾನಿಗಳು. ಮೊದಲ ಸಾಲಿನಲ್ಲಿ ಹಳಬರು, ಒಬ್ಬೊಬ್ಬರ ಕೋಟೂ ಎರಡೆರಡು ಅಳತೆ ದೊಡ್ಡದಾಗಿ ಕಾಣುತ್ತಿತ್ತು. ವೇನ್ಯಾ ಅವರಿಬ್ಬರಿಗೆ ಜಾಗ ಹಿಡಿದಿದ್ದ.

"ಬಾರೋ ಮುದುಕಾ. ನಿನ್ನ ಕೂದಲು ನನಗಿಂತ ಜಾಸ್ತಿ ಉಳಿದಿದೆ, ನ್ಯಾಯವಾ ಇದು?" ಎಂದ.

"ಅದೇ," ಎಂದು ರೊದಿಯೋನ್ ನಕ್ಕ. ಅರ್ಧ ಮುಖದ ನಗು.

ಭಾಷಣಗಳಾದವು. ಆಮೇಲೆ ದೀಪ ಆರಿಸಿ ಹಳೆಯ ಚಿತ್ರ ತೋರಿಸಿದರು. ಸುರಂಗ, ಬಿಳಿ ಕೋಟಿನ ಹುಡುಗಿಯರು, ಕ್ರೇನಿಗೆ ತೂಗುಬಿದ್ದ ಅಯಸ್ಕಾಂತ. ಇದ್ದಕ್ಕಿದ್ದಂತೆ ಪರದೆಯ ತುಂಬ ರೊದಿಯೋನನ ಮುಖ. ಮೂವತ್ತರ ಪ್ರಾಯ, ಕೆದರಿದ ಕೂದಲು. ನಿಯಂತ್ರಣ ಕೋಣೆಯಲ್ಲಿ ಕೂತು ಯಾರೋ ವರದಿಗಾರನಿಗೆ ಹೇಳುತ್ತಿದ್ದ. "ಏನಂದ್ಕೊಂಡ್ರಿ ಇದನ್ನ? ಹಸು ಇದ್ದ ಹಾಗೆ! ಬೈದ್ರೆ ಹಾಲು ಕೊಡಲ್ಲ. ಪಕ್ಕದಲ್ಲಿ ಕೂತು ಮಾತಾಡಿಸ್ತಾ ಇರ್ಬೇಕು. ನನ್ನ ಹೆಂಡ್ತಿ ಕೇಳ್ತಾಳೆ, ಇಡೀ ದಿನ ಅಲ್ಲಿ ಯಾರ ಜೊತೆ ಹರಟ್ತೀಯ ಅಂತ…"

ಸಭೆ ನಕ್ಕಿತು. ಕಾಪಾ ಎಂದೂ ಹಾಗೆ ಕೇಳಿದವಳಲ್ಲ. ಅದು ಅವನು ಕಟ್ಟಿದ್ದು. ಆದರೆ ಆ ದನಿ! ಎಷ್ಟು ದಿನವಾಗಿತ್ತು ಕೇಳಿ. ಅವಳ ಎದೆಗೆ ಯಾರೋ ಬಿಸಿನೀರು ಎರಚಿದಂತಾಯಿತು. ಪಕ್ಕಕ್ಕೆ ತಿರುಗಿದಳು. ರೊದಿಯೋನ್ ಪರದೆಯನ್ನು ನೋಡುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಮುಂದಿನ ಮಾತು ಏನೆಂದು ಅವನಿಗೆ ನೆನಪಿತ್ತು.

ದೀಪ ಹತ್ತಿತು. ನಿರೂಪಕಿ ಚಿಕ್ಕ ವಯಸ್ಸಿನವಳು, ಪ್ರಚಾರ ವಿಭಾಗಕ್ಕೆ ಹೊಸಬಳು. ಗ್ಲೆಬ್ ಅವಳಿಗೆ ಹೇಳಿದ್ದನೋ, ಗಡಿಬಿಡಿಯಲ್ಲಿ ಮರೆತಿದ್ದನೋ. ಪದಕ ಕೊಡಲು ಕೆಳಗಿಳಿದು ಬಂದವಳು ಖುಷಿಯಿಂದ, "ಈಗ ನಮ್ಮ ನಾಯಕರ ಬಾಯಿಂದಲೇ ಎರಡು ಮಾತು!" ಎಂದು ಮೈಕು ಅವನ ಎಡಗೈಗೆ ಇಟ್ಟೇಬಿಟ್ಟಳು.

ಗ್ಲೆಬ್ ವೇದಿಕೆಯ ಮೇಲೆ ಎದ್ದು ನಿಂತ. ಅಷ್ಟರಲ್ಲಿ ತಡವಾಗಿತ್ತು. ರೊದಿಯೋನ್ ಮೈಕು ಹಿಡಿದ ಕೈಯಿಂದಲೇ ಕೋಲನ್ನು ವೇನ್ಯಾನ ಮಡಿಲಿಗೆ ತಳ್ಳಿ ಎದ್ದ. ಕಾಪಾ ಹಿಂದಿನಿಂದ ಅವನ ಸೊಂಟಪಟ್ಟಿ ಹಿಡಿದುಕೊಂಡಳು.

"ಅದೇ…" ಎಂದ.

ಸಭೆ ಅವನ ಕಡೆ ಕತ್ತು ಚಾಚಿತು.

"ಅದೇ, ಅದೇ… ಅದೇ." ನಗೆಗೆ ಬಿಡುವು ಕೊಟ್ಟ. ಯಾರೂ ನಗಲಿಲ್ಲ. ಅವನು ತುಸು ಗಲಿಬಿಲಿಗೊಂಡ, ಮತ್ತೆ ಶುರುಮಾಡಿದ. ಯಾರೋ ಹೆಂಗಸು ಮೂಗು ಎಳೆದಳು. ಹಿಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ತಕ್ಷಣ ಎಲ್ಲರೂ, ಬದುಕಿದೆವು ಎಂಬಂತೆ, ತಟ್ಟತೊಡಗಿದರು. ಇಡೀ ಸಭೆ ಎದ್ದು ನಿಂತಿತು. ರೊದಿಯೋನ್ ತಲೆ ಆಡಿಸಿದ. ಮೈಕು ಹಿಡಿದ ಕೈಯನ್ನೇ ಮೇಲೆತ್ತಿ, ತಡೀರಿ, ಇನ್ನೂ ಇದೆ ಎಂದು ಸನ್ನೆ ಮಾಡಿದ. ಅವನು ವಂದಿಸುತ್ತಿದ್ದಾನೆ ಎಂದುಕೊಂಡು ಜನ ಇನ್ನೂ ಜೋರಾಗಿ ತಟ್ಟಿದರು. "ಅದೇ! ಅದೇ!" ಎಂದು ಅವನು ಚಪ್ಪಾಳೆಯ ವಿರುದ್ಧ ಕೂಗುತ್ತಿದ್ದದ್ದು ಕಾಪಾಗೆ ಮಾತ್ರ ಕೇಳಿಸಿತು.

ಬೆಳ್ಳಗಾದ ಮುಖದ ನಿರೂಪಕಿ ಮೈಕು ತೆಗೆದುಕೊಂಡು ಕಾಪಾಗೆ ಚಾಚಿದಳು. "ಅಮ್ಮಾ, ನೀವಾದ್ರೂ… ಏನಾದ್ರೂ…"

ಸಭೆ ಮತ್ತೆ ಕೂತು ಅವಳನ್ನು ನೋಡಿತು. ಅವನು ಇನ್ನೂ ಮುಗಿಸಿಲ್ಲ, ಸ್ವಲ್ಪ ತಾಳಿ, ಪೂರ್ತಿ ಕೇಳಿ. ಇಷ್ಟೇ ಹೇಳಬೇಕಾದ್ದು. ಮಾತು ನಾಲಗೆಯ ತುದಿಯಲ್ಲಿತ್ತು. ಇಷ್ಟೊಂದು ಮುಖಗಳು. "ಉಪಕಾರ ಆಯ್ತು," ಎಂದಳು. ಮೈಕು ಹಿಂದಕ್ಕೆ ಕೊಟ್ಟಳು. ರೊದಿಯೋನ್ ತಿರುಗಿ ಅವಳನ್ನು ನೋಡಿದ. ಆ ನೋಟದ ಬಗ್ಗೆ ಅವಳು ಯಾರಿಗೂ ಹೇಳಲಿಲ್ಲ, ಫಾಯಿನಾಗೂ ಕೂಡ.

ಆಮೇಲೆ ನಿಯಂತ್ರಣ ಕೋಣೆ. ಹಳೆಯ ಗುಂಡಿಗಳ ಮೇಜು ಹೋಗಿ ಸಾಲು ಸಾಲು ಪರದೆಗಳು ಬಂದಿದ್ದವು. ಅತಿಥಿಗಳು ಗೋಡೆಗೆ ಒತ್ತಿ ನಿಂತರು. ಗ್ಲೆಬ್ ಸನ್ನೆ ಮಾಡಿದ, ಆಪರೇಟರು ಕಿರಣ ಬಿಟ್ಟ. ದೊಡ್ಡ ಪರದೆಯ ಗೆರೆ ಒಂದಿಷ್ಟು ಏರಿ ದೊಪ್ಪನೆ ಬಿತ್ತು. ಮತ್ತೆ ಬಿಟ್ಟ, ಮತ್ತೆ ಬಿತ್ತು. ಇಟಲಿಯವರು ನಗುತ್ತ ಏನೋ ಅಂದರು. ಗ್ಲೆಬನ ಹಣೆ ಬೆವರಿತು. ಸುರಂಗಕ್ಕೆ ಫೋನು ಹೋಯಿತು, ಕೂಲಿಂಗಿನವರು ಬಂದರು, ವಿದ್ಯುತ್ತಿನವರು ಬಂದರು. ಗೆರೆ ಏರಿತು, ಬಿತ್ತು.

ಆಗ ರೊದಿಯೋನ್ ಎಡಗೈ ಚಾಚಿದ. "ಅದೇ!"

ಎಲ್ಲರೂ ತಿರುಗಿದರು. ಅವನ ಬೆರಳು ಕೋಣೆಯ ದೂರದ ಮೂಲೆಯ ಕಡೆ ಇತ್ತು. "ಅದೇ! ಅದೇ!" ಕುತ್ತಿಗೆಯ ನರ ಉಬ್ಬಿತು. ಗ್ಲೆಬ್ ಓಡಿ ಬಂದ. "ಏನು ರೊದಿಯೋನ್ ಸವೇಲ್ಯೆವಿಚ್? ಯಾವುದು? ಈ ಪರದೆನಾ? ಇದಾ?"

ಅಲ್ಲ ಎಂದು ತಲೆ ಆಡಿಸಿದ.

ವೇನ್ಯಾ ಮುಂದೆ ಬಂದು ಅವನ ಮುಖಕ್ಕೆ ಮುಖ ಕೊಟ್ಟು ನಿಂತ. "ರೋದ್ಯಾ, ನಂಗೆ ಹೇಳು. ನಿರ್ವಾತಾನಾ? ಮತ್ತೆ ನನ್ನ ಮೇಲೇ ಹಾಕ್ತಿದೀಯಾ? ಅಲ್ವಾ? ನೀರಾ? ಅಯಸ್ಕಾಂತಾನಾ? ಅಲ್ಲಿರೋ ಬೀರೂನಾ?" ಪ್ರತಿಯೊಂದಕ್ಕೂ "ಅದೇ" ಎನ್ನುತ್ತ ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿದ. ಬಾಯಿಯ ಬಲ ಮೂಲೆಯಿಂದ ಜೊಲ್ಲು ಇಳಿಯಿತು. ಕಾಪಾ ಕರವಸ್ತ್ರದಿಂದ ಒರೆಸಿದಳು. ಅವನು ಅವಳ ಕೈ ತಳ್ಳಿದ.

"ಬಾತ್‌ರೂಮಿಗೆ ಹೋಗ್ಬೇಕೇನೋ?" ಎಂದು ಯಾರೋ ಮೆತ್ತಗೆ ಅಂದರು. ಕಾಪಾಗೆ ನಾಚಿಕೆಯಾಯಿತು, ಆದರೂ ಇದ್ದರೂ ಇರಬಹುದು ಎಂದು ಕರೆದುಕೊಂಡು ಹೋದಳು. ಅದಲ್ಲ. ನೀರು ಕೊಟ್ಟಳು, ಅದೂ ಅಲ್ಲ. ವಾಪಸು ಬಂದವನು ಮತ್ತೆ ಅದೇ ಮೂಲೆಯ ಕಡೆ ಬೆರಳು ಚಾಚಿದ.

"ನಂಗೊತ್ತಾಗ್ತಿಲ್ವಲ್ಲೋ!" ಎಂದು ವೇನ್ಯಾ ಕಿರುಚಿದ. ಗೋಡೆಯ ಕಡೆ ತಿರುಗಿ ನಿಂತ.

ಗ್ಲೆಬ್ ಅತಿಥಿಗಳಿಗೆ, "ಉಂಗುರಕ್ಕೂ ವಯಸ್ಸಾಯ್ತು ನೋಡಿ, ಹಬ್ಬದ ದಿನ ರಜೆ ಕೇಳ್ತಿದೆ," ಎಂದು ಹಾರಿಕೆಯ ನಗೆ ನಕ್ಕು ಊಟಕ್ಕೆ ಕರೆದ. ಜನ ಸಮಾಧಾನದಿಂದ ಹೊರಟರು. ರೊದಿಯೋನ್ ಹೊರಡಲಿಲ್ಲ. ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಕಾಪಾ ಕರೆದಳು, ಬೇಡಿಕೊಂಡಳು. ಕೊನೆಗೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಷ್ಟೂ ವರ್ಷ ಆ ಕೋಣೆಗೆ ಹೋಗಬೇಡ ಎಂದು ಒಮ್ಮೆಯೂ ಹೇಳದವಳು ಇವತ್ತು ತನ್ನ ಕೈಯಾರೆ ಅವನನ್ನು ಅಲ್ಲಿಂದ ಕಿತ್ತು ತಂದಳು.

ಊಟಕ್ಕೆ ನಿಲ್ಲಲಿಲ್ಲ. ಮನೆಯಲ್ಲಿ ಹಣ್ಣಿನ ರಸದ ಗಂಜಿ ಮಾಡಿಕೊಟ್ಟಳು. ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಮಾರನೆಯ ದಿನ ಗ್ಲೆಬನ ಫೋನು ಬಂತು. ಮೊದಲು ಮೈಕಿನ ವಿಷಯಕ್ಕೆ ಕ್ಷಮೆ ಕೇಳಿದ. ಆಮೇಲೆ, "ಬೆಳಿಗ್ಗೆ ಕಿರಣ ಹತ್ತಿತು. ಗಟ್ಟಿಯಾಗಿ ನಿಂತಿದೆ. ಅವರಿಗೆ ಹೇಳಿ, ಖುಷಿಪಡ್ತಾರೆ," ಎಂದ.

"ಏನಾಗಿತ್ತು?"

"ಗೊತ್ತಾಗ್ಲಿಲ್ಲ. ಹತ್ತಾರು ಕಡೆ ಕೈ ಹಾಕಿದ್ವಿ. ಯಾವುದರಿಂದ ಸರಿಹೋಯ್ತೋ, ತಾನಾಗೇ ಸರಿಹೋಯ್ತೋ."

"ಅವನು ಏನನ್ನ ತೋರಿಸ್ತಿದ್ದ ಅಂತ…"

"ಆಮೇಲೆ ಹೋಗಿ ನಿಂತು ನೋಡಿದೆ. ಆ ಮೂಲೇಲಿ ಕೇಬಲ್ ಬೀರು ಇದೆ, ಕಿಟಕಿ ಇದೆ, ಕೋಟು ತೂಗುಹಾಕೋ ಗೂಟ ಇದೆ, ಗೋಡೆ ಮೇಲೆ ಹಳೇ ಫೋಟೋಗಳಿವೆ. ಏನಂತ ಹೇಳ್ಲಿ ಕಾಪಿತೋಲಿನಾ ಯೆಗೋರೊವ್ನಾ?"

ಅವಳು ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. ಕಿರಣ ಹತ್ತಿದ ಸುದ್ದಿ ಹೇಳಿದಳು. ಅವನು ಕೇಳಿಸಿಕೊಂಡ. ಬೀರುವಾ, ಕಿಟಕಿಯಾ, ಫೋಟೋನಾ ಎಂದು ಒಂದೊಂದಾಗಿ ಕೇಳಿದಳು. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ.

"ನಂಗೆ ಗೊತ್ತಾಗ್ತಿಲ್ಲ ರೋದ್ಯಾ. ಏನ್ ಮಾಡ್ಲಿ ಹೇಳು?"

ಅವನು ಕಣ್ಣು ಮುಚ್ಚಿಕೊಂಡ.

ಆ ಬೇಸಿಗೆಯಲ್ಲಿ ವೇನ್ಯಾ ಆಗಾಗ ಬಂದು ಅವನನ್ನು ಮನೆಯ ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡು ಡಾಮಿನೋ ಆಡುತ್ತಿದ್ದ. ಆ ದಿನದ ಮಾತು ಇಬ್ಬರ ನಡುವೆ ಬರಲಿಲ್ಲ. ರೊದಿಯೋನ್ ಮತ್ತೆ ಕನ್ನಡಿಯ ಮುಂದೆ ನಿಲ್ಲಲಿಲ್ಲ. 'ಅದೇ' ಎನ್ನುವುದೂ ಕಡಿಮೆಯಾಯಿತು. ಬರ್ಚ್ ಎಲೆಗಳು ಹಳದಿಯಾಗುವ ಹೊತ್ತಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ಕೆಲವು ದಿನ ಉಸಿರಾಡಿದ. ಮೊದಲ ಹಿಮ ಬೀಳುವ ಮೊದಲೇ ಮಣ್ಣು ಮಾಡಿದರು. ನೆಲ ಇನ್ನೂ ಗಟ್ಟಿಯಾಗಿರಲಿಲ್ಲ, ಅಗೆಯುವವರಿಗೆ ಕಷ್ಟವಾಗಲಿಲ್ಲ ಎಂದು ಫಾಯಿನಾ ಸಮಾಧಾನ ಹೇಳಿದಳು. ಬೇರೆ ಏನು ಹೇಳಬೇಕೆಂದು ಅವಳಿಗೂ ತೋಚಿರಲಿಕ್ಕಿಲ್ಲ.

ನಲವತ್ತನೆಯ ದಿನದ ಊಟಕ್ಕೆ ಇನ್‌ಸ್ಟಿಟ್ಯೂಟಿನವರು ಬಂದರು. ಸತ್ತವನ ಹೆಸರಿನಲ್ಲಿ ಒಂದು ಲೋಟ, ಅದರ ಮೇಲೆ ಒಂದು ತುಂಡು ಕಪ್ಪು ಬ್ರೆಡ್ಡು ಇಟ್ಟಿದ್ದರು. ಎರಡು ಗುಟುಕು ಇಳಿದ ಮೇಲೆ ನಾಲಗೆಗಳು ಸಡಿಲವಾದವು. ಆ ಬೆರಳಿನ ಮಾತು ಬಂದೇ ಬಂತು.

"ಫೋಟೋನೇ," ಎಂದ ಗ್ಲೆಬ್. "ಹಳೇ ಪಾಳಿಯವರೆಲ್ಲ ಅದರಲ್ಲಿದ್ದಾರೆ. ಯಾರನ್ನೋ ನೆನೆಸ್ಕೊಂಡ್ರು."

"ಏನ್ ಫೋಟೋನೋ ಮಾರಾಯ! ಕಿರಣ ಬೀಳ್ತಾ ಇರುವಾಗ ರೋದ್ಯಾ ಫೋಟೋ ನೋಡ್ತಾನಾ? ಬೀರು. ನೂರಕ್ಕೆ ನೂರು ಆ ಬೀರು," ಎಂದ ವೇನ್ಯಾ.

"ನಿಮ್ಮ ತಲೆ," ಎಂದಳು ಫಾಯಿನಾ. "ಗೂಟ. ನನ್ನ ಕೋಟು ಕೊಡ್ರಪ್ಪ, ಮನೆಗೆ ಹೋಗ್ತೀನಿ ಅಂದಿದ್ದು."

ದನಿಗಳು ಏರಿದವು. ವೇನ್ಯಾ ಫೋರ್ಕಿನಿಂದ ಮೇಜುಬಟ್ಟೆಯ ಮೇಲೆ ಕೋಣೆಯ ನಕ್ಷೆ ಗೀರತೊಡಗಿದ. ಆಮೇಲೆ ಒಬ್ಬೊಬ್ಬರಾಗಿ ಕಾಪಾಳ ಕಡೆ ತಿರುಗಿದರು.

"ನೀವು ಹೇಳಿ ಕಾಪಿತೋಲಿನಾ ಯೆಗೋರೊವ್ನಾ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದ ಗ್ಲೆಬ್.

"ನಂಗೊತ್ತಿಲ್ಲ," ಎಂದಳು ಅವಳು. ಒಲೆಯ ಪಕ್ಕ ಬ್ಲಿನಿಗಳು, ಸತ್ತವರ ಊಟಕ್ಕೆ ಮಾಡುವ ಗೋಧಿಹಿಟ್ಟಿನ ದೋಸೆಗಳು, ಆರುತ್ತಿದ್ದವು. ತರಲು ಎದ್ದು ಒಳಗೆ ಹೋದಳು.